ಅಕ್ಕನಿಗೆ ಮಾತ್ರ ಹೇಳಿದ್ದು

ರವಿಚಂದ್ರನ ಕೆಲಸವೇ ನೋಡುವುದು. ನಂಜನಗೂಡು ರಸ್ತೆ ಕಡೆಯ ಒಂದು ಖಾಸಗಿ ಶಾಲೆಯ ಹದಿನಾಲ್ಕು ಬಸ್ಸುಗಳು ಅವನ ಉಸ್ತುವಾರಿಯಲ್ಲಿದ್ದವು. ಬೆಳಿಗ್ಗೆ ಆರೂವರೆಗೆ ಕಂಪ್ಯೂಟರ್ ಮುಂದೆ ಕೂತರೆ ಪರದೆಯ ಮೇಲೆ ಹದಿನಾಲ್ಕು ಹಸಿರು ಚುಕ್ಕೆಗಳು ಮೈಸೂರಿನ ಬೀದಿಗಳಲ್ಲಿ ಓಡಾಡುತ್ತಿದ್ದವು. ಯಾವುದಾದರೂ ಚುಕ್ಕೆ ಐದು ನಿಮಿಷ ನಿಂತರೆ ಡ್ರೈವರಿಗೆ ಫೋನ್ ಹೋಗುತ್ತಿತ್ತು: "ಎಲ್ಲಿದ್ದೀಯಪ್ಪ? ಯಾಕೆ ನಿಂತಿದ್ದೀಯ?" ಎಂಟು ವರ್ಷ ಈ ಕೆಲಸ ಮಾಡಿದವನಿಗೆ, ಕಣ್ಣಿಟ್ಟು ಕಾಯುತ್ತಿದ್ದರೆ ಯಾವುದೂ ಕೆಡುವುದಿಲ್ಲ ಎಂಬ ನಂಬಿಕೆ ಬಂದುಬಿಟ್ಟಿತ್ತು. ಆ ನಂಬಿಕೆಯನ್ನು ಆಫೀಸಿನಲ್ಲೇ ಬಿಟ್ಟು ಮನೆಗೆ ಬರುತ್ತಿದ್ದರೆ ನಾನು ಈ ಕಥೆ ಹೇಳಬೇಕಾಗಿರಲಿಲ್ಲ.

ಜೂನ್ ಮೊದಲ ವಾರ ಡೀಸೆಲ್ ಚೀಟಿಗೆ ಸಹಿ ಹಾಕಿಸಿಕೊಳ್ಳಲು ಬಂದ ಡ್ರೈವರ್ ಸಂಜಯ್, ಹೊರಡುವ ಮುಂಚೆ ಒಂದು ಮಾತು ಕೇಳಿದ.

"ಸಾರ್, ಮನೇಲಿ ಎಲ್ಲಾ ಚೆನ್ನಾಗವ್ರಾ? ನೆನ್ನೆ ಹನ್ನೊಂದು ಗಂಟೇಲಿ ಅಕ್ಕೋರ್ನ ಆಸ್ಪತ್ರೆ ಗೇಟ್ ತಾವ ನೋಡ್ದಂಗಾಯ್ತು."

"ಇರ್ಲಾರದು ಕಣೋ. ಅವ್ಳು ಅಂಗಡೀಲಿದ್ಲು."

"ಅಂಗಾದ್ರೆ ಬೇರೆ ಯಾರೋ ಇರ್ಬೇಕು ಬುಡಿ ಸಾರ್," ಎಂದು ಸಂಜಯ್ ಹೋದ.

ಅವನು ಹೇಳಿದ್ದು ರವಿಯ ಹೆಂಡತಿ ಚೈತನ್ಯಳ ವಿಷಯ. ಅವಳು ದೇವರಾಜ ಮೊಹಲ್ಲಾದಲ್ಲಿ ಬಿಂದುಮಾಧವರಾಯರ ಕನ್ನಡಕದ ಅಂಗಡಿಯಲ್ಲಿ ಆರು ವರ್ಷದಿಂದ ಕೆಲಸಕ್ಕಿದ್ದಳು. ಹತ್ತಕ್ಕೆ ಹೋದರೆ ಆರಕ್ಕೆ ವಾಪಸು.

ಅವತ್ತು ರಾತ್ರಿ ಸಿದ್ಧಾರ್ಥನಗರದ ಆ ಮನೆಯಲ್ಲಿ ಐದೂ ಜನ ಊಟಕ್ಕೆ ಕೂತಿದ್ದರು. ಮುದ್ದೆ, ಹುರುಳಿಕಾಳಿನ ಉಪ್ಸಾರು. ರವಿಯ ತಂದೆ ನಂಜುಂಡಸ್ವಾಮಿ ಮೂವತ್ತನಾಲ್ಕು ವರ್ಷ ಪೋಸ್ಟ್‌ಮ್ಯಾನ್ ಆಗಿದ್ದು ನಿವೃತ್ತರಾದವರು. ತಾಯಿ ಚಾಮುಂಡಮ್ಮನಿಗೆ ಎರಡೂ ಮಂಡಿ ಸವೆದು ನೆಲಕ್ಕೆ ಕೂರಲು ಆಗುತ್ತಿರಲಿಲ್ಲ, ಕುರ್ಚಿಯ ಮೇಲೆ ಕೂತು ತೊಡೆಯ ಮೇಲೆ ತಟ್ಟೆ ಇಟ್ಟುಕೊಂಡಿದ್ದರು. ಎರಡನೇ ಕ್ಲಾಸಿನ ಮಗಳು ಅಪೂರ್ವ ಮುದ್ದೆಯನ್ನು ಗುಂಡು ಮಾಡಿ ಆಡುತ್ತಿದ್ದಳು.

"ನೆನ್ನೆ ಅಂಗಡೀಲಿ ರಶ್ಶಾ?" ರವಿ ತಲೆ ಎತ್ತದೆ ಕೇಳಿದ.

"ಕೇಳ್ಬೇಡಿ. ಸ್ಕೂಲ್ ಶುರುವಾಯ್ತಲ್ಲ, ಮಕ್ಕಳ ಕನ್ನಡಕಕ್ಕೆ ಜನವೋ ಜನ. ಬೆಳಿಗ್ಗೆಯಿಂದ ಕೂತ್ಕೊಳ್ಳೋಕೂ ಆಗ್ಲಿಲ್ಲ."

"ಹೊರಗಡೆ ಎಲ್ಲೂ ಹೋಗ್ಲಿಲ್ವಾ?"

"ಎಲ್ಲಿಗೆ ಹೋಗ್ಲಿ? ಇನ್ನೊಂಚೂರು ಸಾರು ಬಿಡ್ಲಾ?"

ಅವಳು ಸುಳ್ಳು ಹೇಳಿದ್ದಳು. ಹೇಳುವಾಗ ಸೌಟು ಸ್ವಲ್ಪವೂ ಅಲುಗಲಿಲ್ಲ, ಅದೇ ರವಿಗೆ ಚುಚ್ಚಿತು. ಮಾರನೆಯ ದಿನದಿಂದ ಅವಳ ಫೋನ್ ಬಡಿದಾಗಲೆಲ್ಲ ಅವನ ಕಿವಿ ನಿಮಿರುತ್ತಿತ್ತು. ಅವಳು ಫೋನ್ ನೋಡಿ ನಕ್ಕಳು. ಫೋನ್ ಹಿಡಿದು ಬಟ್ಟೆ ಒಣಗಿಸುವ ನೆಪದಲ್ಲಿ ತಾರಸಿಗೆ ಹೋದಳು. ಅಂಗಡಿಗೆ ಲೆನ್ಸ್ ತಂದುಕೊಡುವ ಶಿವಕಿರಣ್ ಎಂಬುವನ ಹೆಸರು ಎರಡು ಸಲ ಅವಳ ಬಾಯಲ್ಲಿ ಬಂದಿತ್ತು. ನೇರವಾಗಿ ಕೇಳಿಬಿಟ್ಟಿದ್ದರೆ ಒಂದು ಜಗಳದಲ್ಲಿ ಮುಗಿಯುತ್ತಿತ್ತು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ದೊಡ್ಡವರು ಸುಮ್ಮನೆ ಹೇಳಿಲ್ಲ. ಆದರೆ ಜಗಳ ಆಡುವುದಕ್ಕೂ ಧೈರ್ಯ ಬೇಕು.

ಭಾನುವಾರ ಅವಳು ಎಣ್ಣೆ ಹಚ್ಚಿಕೊಂಡು ತಲೆಗೆ ಸ್ನಾನಕ್ಕೆ ಹೋದಾಗ ಅವನಿಗೆ ಅರ್ಧ ಗಂಟೆ ಸಿಕ್ಕಿತು. ಶಾಲೆಯಲ್ಲಿ ಹೊಸದು ಬಂದಾಗ ಅವನ ಪಾಲಿಗೆ ಉಳಿದ ಒಂದು ಹಳೇ ಟ್ಯಾಬ್ ಇತ್ತು. ಅವಳ ಫೋನಿನ ಪಿನ್ ಮಗಳು ಹುಟ್ಟಿದ ವರ್ಷ, ಅದು ಮನೆಗೆಲ್ಲ ಗೊತ್ತು. ಫೋನನ್ನು ಟ್ಯಾಬಿನ ಮುಂದೆ ಒಮ್ಮೆ ಹಿಡಿದರೆ ಆಯಿತು, ಅವಳ ವಾಟ್ಸಾಪ್ ಪೂರ್ತಿ ಟ್ಯಾಬಿನಲ್ಲೂ ತೆರೆದುಕೊಂಡಿತು. ಬಚ್ಚಲಿನಿಂದ "ರೀ, ಟವೆಲ್ ಕೊಡ್ರೀ" ಎಂದು ಕೂಗಿದಾಗ ಅವನು ಟ್ಯಾಬನ್ನು ಬ್ಯಾಗಿಗೆ ತುರುಕಿ ಟವೆಲ್ ಕೊಟ್ಟು ಬಂದ.

ಬೆಳಗಿನ ಬಸ್ಸುಗಳೆಲ್ಲ ಬಂದು ನಿಂತ ಮೇಲೆ ಮಧ್ಯಾಹ್ನದವರೆಗೆ ಅವನಿಗೆ ಕೆಲಸ ಕಡಿಮೆ. ಸೋಮವಾರ ಬಾಗಿಲು ಮುಂದೆ ಮಾಡಿಕೊಂಡು ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಕೂತ. ಮೊದಲು ಶಿವಕಿರಣನನ್ನು ಹುಡುಕಿದ. "ಮೇಡಂ, ಪ್ಲಸ್ ಒನ್ ಪಾಯಿಂಟ್ ಫೈವ್ ಲೆನ್ಸ್ ನಾಳೆ ಬರುತ್ತೆ." "ಸರಿ." ಅಷ್ಟೇ. ಅದರ ಹಿಂದೆಯೂ ಲೆನ್ಸು, ಅದರ ಹಿಂದೆಯೂ ಲೆನ್ಸು. ಬೇರೆ ಗಂಡಸರೇ ಇರಲಿಲ್ಲ. ಇದ್ದದ್ದು ಅಕ್ಕ, ಬರೀ ಅಕ್ಕ.

ಅಕ್ಕ ಕಪಿಲಾ ಮಂಡಕಳ್ಳಿಯಲ್ಲಿ ಬಾಡಿಗೆ ಕಾರು ಓಡಿಸುವ ಸಿದ್ದುವಿನ ಹೆಂಡತಿ. ಸಿದ್ದು ಬೇರೆ ಯಾರೂ ಅಲ್ಲ, ಚಾಮುಂಡಮ್ಮನ ಅಣ್ಣನ ಮಗ. ಕಪಿಲಾ ಆ ಮನೆಗೆ ಸೊಸೆಯಾಗಿ ಬಂದ ಮೇಲೆ ಅವಳ ತಂಗಿಯನ್ನು ನೋಡಿ ಮೆಚ್ಚಿ ಚಾಮುಂಡಮ್ಮ ತಮ್ಮ ಮಗನಿಗೆ ತಂದುಕೊಂಡಿದ್ದರು. ಅಕ್ಕ ತಂಗಿಯರಿಗೆ ತಾಯಿ ಇರಲಿಲ್ಲ. ದಿನಕ್ಕೆ ಮೂರು ನಾಲ್ಕು ಸಲ ಒಬ್ಬರಿಗೊಬ್ಬರು ಧ್ವನಿ ಕಳಿಸಿಕೊಳ್ಳುತ್ತಿದ್ದರು.

ಆಸ್ಪತ್ರೆಯ ಗುಟ್ಟು ಹತ್ತೇ ನಿಮಿಷದಲ್ಲಿ ಸಿಕ್ಕಿತು. ಕಪಿಲಾಗೆ ಎರಡು ಹೆಣ್ಣುಮಕ್ಕಳು. ಎರಡನೇ ಹೆರಿಗೆಯಲ್ಲಿ ರಕ್ತ ನಿಲ್ಲದೆ ಮೂರು ದಿನ ಐಸಿಯುನಲ್ಲಿದ್ದಳು. ಇನ್ನೊಂದು ಆದರೆ ಜೀವಕ್ಕೆ ಅಪಾಯ ಎಂದು ಡಾಕ್ಟರು ಆಗಲೇ ಎಚ್ಚರಿಸಿದ್ದರು. ಸಿದ್ದುವಿಗೂ ಅವನ ತಾಯಿಗೂ ಗಂಡು ಮಗು ಬೇಕು, ಡಾಕ್ಟರ ಮಾತನ್ನು ಆಸ್ಪತ್ರೆಯ ಬಾಗಿಲಲ್ಲೇ ಬಿಟ್ಟು ಬಂದಿದ್ದರು. ಬೇಡ ಎನ್ನಲು ಆಗದ ಕಪಿಲಾ ತಂಗಿಯನ್ನು ಜೊತೆಗೆ ಕರೆದುಕೊಂಡು ಹೋಗಿ ಯಾರಿಗೂ ತಿಳಿಯದಂತೆ, ಗರ್ಭ ನಿಲ್ಲದ ಹಾಗೆ ವಂಕಿ ಹಾಕಿಸಿಕೊಂಡಿದ್ದಳು. "ನಿನಗೊಬ್ಬಳಿಗೇ ಗೊತ್ತು ಚೈತು," ಎಂದಿತ್ತು ಅವಳ ಧ್ವನಿ, "ನನ್ನ ಜೀವ ನಿನ್ನ ಕೈಲಿ ಇಟ್ಟಿದ್ದೀನಿ ಅನ್ಕೋ."

ರವಿಗೆ ಎದೆಯ ಭಾರ ಇಳಿದು ಹೋಯಿತು. ನಾಚಿಕೆಯೂ ಆಯಿತು. ಮರ್ಯಾದಸ್ಥನಾಗಿದ್ದರೆ ಅಲ್ಲಿಗೇ ಟ್ಯಾಬ್ ಮುಚ್ಚಬೇಕಿತ್ತು. ಆದರೆ ಅಷ್ಟರಲ್ಲಿ ಅವನ ಕಣ್ಣು ಇನ್ನೊಂದು ಕಡೆ ಬಿದ್ದಿತ್ತು. ಅಕ್ಕ ತಂಗಿಯರ ಮಾತಿನಲ್ಲಿ ಮುಕ್ಕಾಲು ಪಾಲು ಅವನೇ ಇದ್ದ.

"ಊಟ ಆದ್ಮೇಲೆ ತಟ್ಟೇಲೇ ಕೈ ತೊಳ್ದು ಎದ್ದೋಗ್ತಾರೆ ಕಣೇ, ಆ ನೀರು ಚೆಲ್ಲೋಕೂ ನಾನೇ ಬೇಕು."

"ಹಿತ್ತಲ ನಲ್ಲಿ ಮೂರು ತಿಂಗಳಿಂದ ಸೋರ್ತಿದೆ. ಬಕೀಟು ಇಟ್ಟು ಇಟ್ಟು ನನ್ನ ಸೊಂಟ ಹೋಯ್ತು."

"ನನ್ನ ಹತ್ರ ಏನು ಮಾತು ಅವರದ್ದು? 'ಎಲ್ಲಿದ್ದೀಯ, ಎಷ್ಟೊತ್ತಿಗೆ ಬರ್ತೀಯ.' ಡ್ರೈವರ್ ಹತ್ರ ಮಾತಾಡ್ದಂಗೆ. ಒಂದಿನ ಭಾನುವಾರ ಒಲೆ ಹಚ್ಚದೆ ಸುಮ್ನೆ ಕೂತ್ಕೋಬೇಕು ಅನ್ಸುತ್ತೆ ಅಕ್ಕ."

ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ. ಮೂರನೇ ದಿನ ಪ್ಲಂಬರನ್ನು ಕರೆತಂದು ನಲ್ಲಿ ಹಾಕಿಸಿದ.

ಆಮೇಲಿನ ಮೂರು ವಾರ ಆ ಮನೆ ಇದ್ದಷ್ಟು ಚೆನ್ನಾಗಿ ಹಿಂದೆ ಯಾವತ್ತೂ ಇರಲಿಲ್ಲ. ಇದನ್ನು ಹೇಳಲು ನನಗೇ ಸಂಕಟವಾಗುತ್ತದೆ, ಆದರೆ ನಿಜ. ಉಂಡ ತಟ್ಟೆಯನ್ನು ರವಿ ತಾನೇ ತೊಳೆದಿಟ್ಟ. ಭಾನುವಾರ ಬೆಳಿಗ್ಗೆ ಎಲ್ಲರಿಗೂ ಇಡ್ಲಿ ಕಟ್ಟಿಸಿಕೊಂಡು ಬಂದು, "ಇವತ್ತು ಒಲೆ ಹಚ್ಬೇಡ" ಅಂದ. ಸಂಜೆ ಮನೆಗೆ ಬಂದ ಹೆಂಡತಿಯನ್ನು, "ಕಾಲು ನೋವಾ? ಕೂತ್ಕೋ, ಕಾಫಿ ನಾನು ಮಾಡ್ತೀನಿ" ಎಂದು ಕೂರಿಸಿದ.

ಚಾಮುಂಡಮ್ಮನಿಗೆ ಇದನ್ನು ಸಹಿಸಲಾಗಲಿಲ್ಲ.

"ಏನ್ಲಾ ರವಿ, ಯಾವಾಗಿಂದ ತಟ್ಟೆ ತೊಳ್ಯಾದು ಕಲ್ತೆ?"

"ಒಂದ್ ತಟ್ಟೆ ತೊಳುದ್ರೆ ಕೈ ಸವ್ದೋಯ್ತದಾ ಅವ್ವ?"

"ಸವ್ಯಾಕಿಲ್ಲ ಬುಡು. ನಲವತ್ತು ವರ್ಸ ತೊಳುದ್ನಲ್ಲ, ನನ್ ಕೈಯೇ ಸವೀಲಿಲ್ಲ. ನಿಮ್ಮಪ್ಪ ಒಂದ್ ದಿನ ಲೋಟ ಎತ್ತಿಟ್ಟಿದ್ರಾ ಕೇಳು."

"ಅವನ ತಟ್ಟೆ ವಿಚಾರಕ್ಕೆ ನನ್ ಲೋಟ ಯಾಕ್ ತಂದೆ?" ಎಂದರು ನಂಜುಂಡಸ್ವಾಮಿ ಪೇಪರಿನ ಹಿಂದಿನಿಂದ.

"ತಾತ, ನಿಮ್ಮ ಲೋಟ ನಾನು ಎತ್ತಿಡ್ಲಾ?" ಎಂದು ಅಪೂರ್ವ ಕೇಳಿ ಎಲ್ಲರನ್ನೂ ನಗಿಸಿದಳು.

ಚೈತನ್ಯ ಅಂತೂ ಹತ್ತು ವರ್ಷ ಚಿಕ್ಕವಳಾಗಿದ್ದಳು. "ಇವರಿಗೆ ಏನಾಯ್ತೋ ಗೊತ್ತಿಲ್ಲ ಅಕ್ಕ," ಎಂದು ಕಪಿಲಾಗೆ ಹೇಳಿದಳು, "ನಾನು ಮನಸ್ಸಲ್ಲಿ ಅನ್ಕೊಂಡಿದ್ದು ಇವರಿಗೆ ಕೇಳ್ಸುತ್ತೆ ಕಣೇ. ಯಾರ ಕಣ್ಣೂ ಬೀಳದಿದ್ರೆ ಸಾಕು." ಶಾಲೆಯ ಆಫೀಸಿನಲ್ಲಿ ಆ ಧ್ವನಿಯನ್ನು ರವಿ ಮೂರು ಸಲ ಹಾಕಿಕೊಂಡು ಕೇಳಿದ. ಕಣ್ಣು ತುಂಬಿ ಬಂತು. ಕದ್ದು ಕೇಳುತ್ತಿದ್ದೇನೆ ಎನ್ನುವುದು ಆಗ ಅವನಿಗೆ ಮರೆತೇ ಹೋಗಿತ್ತು.

ಅಷ್ಟರಲ್ಲಿ ಆಷಾಢ ಬಂತು. ಆಷಾಢದ ಶುಕ್ರವಾರಗಳಲ್ಲಿ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿಗೂ ಒಂದೊಂದಾಗಿ ಬಗ್ಗಿ ಅರಿಶಿನ ಕುಂಕುಮ ಹಚ್ಚಿಕೊಂಡು ಹತ್ತುವ ಹೆಂಗಸರಿದ್ದಾರೆ. ಅದು ಹರಕೆ. ಎರಡನೇ ಶುಕ್ರವಾರದ ಹಿಂದಿನ ಸಂಜೆ ರವಿ ಮನೆಗೆ ಬಂದಾಗ ಚೈತನ್ಯ ಇನ್ನೂ ಅಂಗಡಿಯಿಂದ ಬಂದಿರಲಿಲ್ಲ. ಚಾಮುಂಡಮ್ಮ ಮಂಚದ ಮೇಲೆ ಕೂತು ಒಂದು ಕೆಜಿ ಅರಿಶಿನವನ್ನು ಜರಡಿ ಹಿಡಿಯುತ್ತಿದ್ದರು.

"ಇದೇನವ್ವ?"

"ನಾಳಿಕೆ ಮೆಟ್ಲು ಹತ್ತಾಕೆ. ನಮ್ಮಣ್ಣನ ಮನೇಲಿ ಒಂದು ಗಂಡು ಕೂಸಾಗ್ಲಿ ಅಂತ ಹರಸ್ಕೊಂಡಿವ್ನಿ."

"ನಿಂಗೇನ್ ತಲೆ ಕೆಟ್ಟಿದ್ಯಾ? ಡಾಕ್ಟ್ರು ಮನೆ ಮೆಟ್ಲೇ ಹತ್ಬೇಡಿ ಅಂದವ್ರೆ!"

"ಹತ್ಸೋಳು ಆ ತಾಯಿ. ನಾನ್ಯಾರು?"

"ಸಾವಿರ ಸಲ ಬಗ್ಗಿ ಎದ್ರೆ ಮಂಡಿ ಉಳಿಯಕ್ಕಿಲ್ಲ ಅವ್ವ. ಆಪರೇಶನ್ನೇ ಗತಿ. ಅಪ್ಪ, ನೀವಾದ್ರೂ ಹೇಳಿ."

"ನನ್ ಮಾತು ಯಾವಾಗ ಕೇಳವ್ಳೆ?" ಎಂದರು ನಂಜುಂಡಸ್ವಾಮಿ. "ಬೆಳಿಗ್ಗಿಂದ ಹೇಳಿ ಹೇಳಿ ಬಾಯಿ ಒಣಗೋಯ್ತು."

"ನೀವ್ ಏನಾರ ಅನ್ನಿ. ನಮ್ಮಣ್ಣ ಸತ್ತು ಐದ್ ವರ್ಸ ಆಯ್ತು. ಅವನ ಹೆಸರೇಳಾಕೆ ಒಬ್ನು ಬ್ಯಾಡ್ವಾ? ಆ ಕಪಿಲ ಪಾಪ, ಸೋಮವಾರ ಸೋಮವಾರ ಉಪಾಸ ಕುಂತವ್ಳೆ. ಅವಳ ನೋವ್ಗಿಂತ ನನ್ ಮಂಡಿ ದೊಡ್ಡದಾ?"

ರವಿಗೆ ತಾಯಿಯ ಮಂಡಿಯೊಂದೇ ಕಾಣುತ್ತಿತ್ತು. ಕಳೆದ ವರ್ಷ ಅವರು ಬಸ್ಸಿನ ಮೆಟ್ಟಿಲಲ್ಲಿ ಬಿದ್ದು, ಅವನು ಎತ್ತಿಕೊಂಡು ಓಡಿದ್ದ. ಹೆದರಿಕೆಗೆ ಕೋಪ ಬಂತು, ಕೋಪಕ್ಕೆ ಬಾಯಿ ಬಂತು.

"ನೀನು ಸಾವಿರ ಅಲ್ಲ, ಎರಡು ಸಾವಿರ ಮೆಟ್ಲು ಹತ್ತಿದ್ರೂ ಅಲ್ಲಿ ಏನೂ ಆಗಲ್ಲ ಅವ್ವ! ಅವ್ರು ವಂಕಿ ಹಾಕಿಸ್ಕೊಂಡವ್ರೆ!"

ಜರಡಿ ನಿಂತಿತು. ನಂಜುಂಡಸ್ವಾಮಿ ಪೇಪರು ಇಳಿಸಿದರು.

"ನಿಂಗ್ಯಾರ್ ಹೇಳುದ್ರು?" ಚಾಮುಂಡಮ್ಮನ ಧ್ವನಿ ಸಣ್ಣದಾಗಿತ್ತು.

"ಯಾರೋ ಹೇಳುದ್ರು. ಅವರ ಜೀವಕ್ಕೆ ಅಪಾಯ ಅಂತ ಡಾಕ್ಟ್ರೇ ಹೇಳಿದ್ದು, ನಿಂಗೂ ಗೊತ್ತಲ್ಲ. ನೋಡವ್ವ, ಈ ಮಾತು ಈ ರೂಮ್ ದಾಟ್ಬಾರ್ದು. ಆಣೆ ಮಾಡು."

"ಆಯ್ತು, ಯಾರ್ಗೂ ಹೇಳಕಿಲ್ಲ ಬುಡು," ಎಂದರು ಚಾಮುಂಡಮ್ಮ. ಯಾವ ಆಸ್ಪತ್ರೆ, ಯಾವ ದಿನ, ಜೊತೆಗೆ ಯಾರು ಹೋಗಿದ್ದರು ಎಂದು ಅವನ ಬಾಯಿಂದ ಒಂದೊಂದಾಗಿ ಬಿಡಿಸಿಕೊಂಡರು. ಆಣೆ ಮಾತ್ರ ಮಾಡಲಿಲ್ಲ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಶುಕ್ರವಾರ ಅವರು ಬೆಟ್ಟಕ್ಕೆ ಹೋಗಲಿಲ್ಲ, ಇಡೀ ದಿನ ಉಣ್ಣಲೂ ಇಲ್ಲ. ಶನಿವಾರ ಯಾರಿಗೂ ಹೇಳದೆ ಆಟೋ ಹಿಡಿದು ಮಂಡಕಳ್ಳಿಗೆ ಹೋದರು. ಕೆಟ್ಟ ಮನಸ್ಸಿನಿಂದ ಹೋದರು ಎಂದು ನಾನು ಹೇಳಲಾರೆ. ಡಾಕ್ಟರುಗಳಿಗೆ ಹೆದರಿಸುವುದೇ ಕಸುಬು, ತಾನೂ ಮೂರನೆಯದಕ್ಕೆ ರವಿಯನ್ನು ಹೆತ್ತವಳೇ ಅಲ್ಲವೇ ಎಂದು ಅವರ ಲೆಕ್ಕ. ತವರಿನ ವಂಶ ನಿಲ್ಲುತ್ತಿದೆ ಎಂದು ಗೊತ್ತಿದ್ದೂ ಬಾಯಿ ಮುಚ್ಚಿಕೊಂಡರೆ ಸತ್ತ ಅಣ್ಣನಿಗೆ ದ್ರೋಹ ಎಂದು ನಿಜವಾಗಿಯೂ ನಂಬಿದ್ದರು.

ಭಾನುವಾರ ಬೆಳಿಗ್ಗೆ ಚೈತನ್ಯಳ ಫೋನಿಗೆ ಸಿದ್ದು ಕರೆ ಮಾಡಿದ.

"ಏನಮ್ಮ, ನಿಮ್ಮಕ್ಕನ್ನ ಕರ್ಕೊಂಡೋಗಿ ಏನ್ ಹಾಕುಸ್ಕೊಂಡ್ ಬಂದೆ?"

"ಭಾವ... ಅಕ್ಕನ ಜೀವಕ್ಕೆ..."

"ಅವಳ ಜೀವ ನೋಡ್ಕಳಾಕೆ ನಾನಿವ್ನಿ. ನಮ್ ಮನೇಲಿ ಮಕ್ಳು ಎಷ್ಟಿರ್ಬೇಕು ಅಂತ ಲೆಕ್ಕ ಹಾಕಾಕೆ ನೀನ್ಯಾರು?"

ಸೋಮವಾರ ವಂಕಿ ತೆಗೆಸಿದರು. ಕಪಿಲಾಳ ಫೋನ್ ಅವಳ ಅತ್ತೆಯ ಬೀರುವಿಗೆ ಹೋಯಿತು. ಅವತ್ತು ಸಂಜೆ ಯಾವುದೋ ಗೊತ್ತಿಲ್ಲದ ನಂಬರಿನಿಂದ ಚೈತನ್ಯಳಿಗೆ ಕರೆ ಬಂತು. ಪಕ್ಕದ ಮನೆಯವರ ಫೋನಿನಿಂದ ಕಪಿಲಾ ಮಾತಾಡುತ್ತಿದ್ದಳು.

"ನಿನಗೊಬ್ಬಳಿಗೇ ಹೇಳಿದ್ದೆ ಚೈತು."

"ಅಕ್ಕ, ನಾನು ಯಾರಿಗೂ ಹೇಳಿಲ್ಲ. ನಮ್ಮ ಅಪೂರ್ವನ ಆಣೆ."

"ಮಗು ಮೇಲೆ ಆಣೆ ಇಡ್ಬೇಡ. ನಿಮ್ಮತ್ತೆನೇ ಬಂದು ಹೇಳಿದ್ದು. ಆಸ್ಪತ್ರೆ, ದಿನ, ಎಲ್ಲಾ ಹೇಳುದ್ರು. ನಿಮ್ಮನೆಗೆ ಅದು ಗಾಳೀಲಿ ಬಂತಾ?"

"ಅಕ್ಕ..."

"ಹುಷಾರಾಗಿರು," ಎಂದು ಕಪಿಲಾ ಇಟ್ಟಳು. ಅತ್ತಿರಲಿಲ್ಲ. ಅತ್ತಿದ್ದರೆ ಚೈತನ್ಯಳಿಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಅವಳು ನೇರ ಅಡುಗೆಮನೆಗೆ ಹೋಗಿ ಅತ್ತೆಯನ್ನು ಕೇಳಿದಳು.

"ಅತ್ತೆ, ಅಕ್ಕನ ವಿಷಯ ನಿಮಗೆ ಯಾರು ಹೇಳಿದ್ರು?"

ಚಾಮುಂಡಮ್ಮ ಸೊಪ್ಪು ಸೋಸುತ್ತಿದ್ದರು. "ತಾಯಿ ಚಾಮುಂಡಿ ಕನಸಲ್ಲಿ ಬಂದು ಹೇಳುದ್ಲು."

"ದಿನಾಂಕಾನೂ ಹೇಳಿದ್ಲಾ?"

"ದೇವ್ರಿಗೆ ಗೊತ್ತಿರದು ಏನೈತೆ?" ಎಂದು ಅವರು ಸೊಪ್ಪಿನ ಕಡೆಗೇ ನೋಡುತ್ತ ಕೂತರು.

ಮಂಗಳವಾರ ಅಂಗಡಿಯಲ್ಲಿ ಚೈತನ್ಯ ಗಿರಾಕಿಗಳಿಗೆ ಫ್ರೇಮು ತೋರಿಸುತ್ತಲೇ ತಲೆ ಓಡಿಸಿದಳು. ನಲ್ಲಿ ಸೋರುತ್ತದೆ ಎಂದು ರವಿಗೆ ಬೇಸಿಗೆಯಲ್ಲಿ ಒಂದು ಸಲ ಹೇಳಿ ಬಿಟ್ಟಿದ್ದಳು. ಆದರೆ ಭಾನುವಾರ ಒಲೆ ಹಚ್ಚುವುದು ಬೇಡ ಎಂದು ಅವನಿಗೆ ಯಾವತ್ತು ಹೇಳಿದ್ದಳು? ತಟ್ಟೆಯ ವಿಷಯ? ಕಾಲು ನೋವು? ಒಂದೊಂದನ್ನೂ ಎಳೆದು ನೋಡಿದರೆ ಎಲ್ಲವೂ ಅಕ್ಕನ ಹತ್ತಿರ ಆಡಿದ್ದೇ. ಮಧ್ಯಾಹ್ನ ಹನ್ನೆರಡಕ್ಕೆ ಅವಳು ಫೋನ್ ತೆಗೆದು, ಬೀರುವಿನಲ್ಲಿ ಸತ್ತು ಮಲಗಿದ್ದ ಅಕ್ಕನ ನಂಬರಿಗೆ ಬರೆದಳು: "ಅಕ್ಕ, ಅಂಗಡೀಲಿ ತಲೆ ಸುತ್ತಿ ಬಿದ್ದುಬಿಟ್ಟೆ. ಎದೆ ನೋಯ್ತಿದೆ. ಇವರಿಗೆ ಹೇಳಬೇಡ." ಅದು ಅಕ್ಕನಿಗೆ ತಲುಪಲಿಲ್ಲ ಎಂದು ಒಂದೇ ಟಿಕ್ ಗುರುತು ತೋರಿಸುತ್ತಿತ್ತು.

ಇಪ್ಪತ್ತೈದು ನಿಮಿಷಕ್ಕೆ ಅಂಗಡಿಯ ಮುಂದೆ ರವಿಯ ಬೈಕು ಬಂದು ನಿಂತಿತು. ಹೆಲ್ಮೆಟ್ಟು ತೆಗೆಯದೆ ಒಳಗೆ ನುಗ್ಗಿದ. ಕೈಯಲ್ಲಿ ಗ್ಲೂಕೋಸ್ ಪೊಟ್ಟಣ ಇತ್ತು, ಮೈಯೆಲ್ಲ ಬೆವರು.

"ಏನಾಯ್ತು? ಹೇಗಿದ್ದೀಯ?"

ಚೈತನ್ಯ ಗಾಜು ಒರೆಸುತ್ತ ನಿಂತಿದ್ದಳು. "ನಂಗೇನಾಗಿದೆ? ನೀವ್ಯಾಕೆ ಬಂದ್ರಿ?"

ರವಿ ಅವಳ ಮುಖ ನೋಡಿದ. "ಸುಮ್ನೆ... ಈ ಕಡೆ ಕೆಲಸ ಇತ್ತು."

"ಗ್ಲೂಕೋಸ್ ಯಾರಿಗೆ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ಅವನ ಕೈ ಬ್ಯಾಗಿನ ಮೇಲೆ ಹೋಯಿತು. ಬಿಂದುಮಾಧವರಾಯರು ಕನ್ನಡಕದ ಮೇಲಿನಿಂದ ನೋಡಿ, "ಬನ್ನಿ ರವಿಚಂದ್ರ, ಕಾಫಿ ತರಿಸ್ಲಾ?" ಅಂದರು.

"ಬೇಡ ಸರ್," ಎಂದಳು ಚೈತನ್ಯ, "ಅವರು ಹೊರಟ್ರು."

ಅವತ್ತು ಅವಳು ಎಂದಿನಂತೆ ಅನ್ನ ಮಾಡಿದಳು, ಬೇಳೆ ಸಾರು ಮಾಡಿದಳು, ಅಪೂರ್ವಳಿಗೆ ಮೊದಲು ಉಣ್ಣಿಸಿ ಎದುರು ಮನೆಗೆ ಆಡಲು ಕಳಿಸಿದಳು. ಮೂವರಿಗೂ ಬಡಿಸಿದ ಮೇಲೆ ಸೌಟು ಕೆಳಗಿಟ್ಟಳು.

"ಎಲ್ಲಿದೆ ಅದು? ತೆಗೀರಿ."

ರವಿ ಬ್ಯಾಗಿನಿಂದ ಟ್ಯಾಬ್ ತೆಗೆದು ನೆಲದ ಮೇಲಿಟ್ಟ. ಅವಳು ನೋಡಿದಳು. ಎರಡು ವರ್ಷದ ಅವಳ ಮಾತೆಲ್ಲ ಅಲ್ಲಿತ್ತು.

"ಏನಿದು?" ಎಂದರು ನಂಜುಂಡಸ್ವಾಮಿ.

"ಮಾವ, ನಾನು ಅಕ್ಕನ ಹತ್ರ ಆಡಿದ್ದೆಲ್ಲ ಇವರು ಇದರಲ್ಲಿ ಕೇಳ್ತಿದ್ರು. ಒಂದು ತಿಂಗಳಿಂದ."

"ಸಂಜಯ್ ನಿನ್ನ ಆಸ್ಪತ್ರೆ ಹತ್ರ ನೋಡಿದ್ದ," ರವಿ ತೊದಲಿದ. "ನೀನು ಇಲ್ಲ ಅಂದೆ. ನಂಗೆ ಹೆದರಿಕೆ ಆಯ್ತು. ಆಮೇಲೆ... ನೋಡು, ನಾನು ಕೆಟ್ಟದ್ದು ಏನ್ ಮಾಡ್ದೆ? ನಿಂಗೆ ಏನೇನು ಬೇಕೋ ಎಲ್ಲಾ ಮಾಡ್ಲಿಲ್ವಾ?"

"ಮಾಡಿದ್ರಿ. ನಂಗೆ ಎಷ್ಟು ಸಂತೋಷ ಆಗಿತ್ತು ಗೊತ್ತಾ? ಗೊತ್ತಿರುತ್ತೆ, ಅದನ್ನೂ ಕೇಳಿರ್ತೀರ." ಅವಳ ಧ್ವನಿ ಮೊದಲ ಸಲ ಒಡೆಯಿತು. "ನನ್ನ ಹತ್ರ ಕದ್ದಿದ್ದನ್ನ ನಾನು ಕ್ಷಮಿಸ್ತಿದ್ನೋ ಏನೋ. ಅಕ್ಕನದ್ದು ನಿಮ್ಮದಾ ಹೇಳೋಕೆ? ಅವಳು ಸತ್ರೆ?"

"ಬುಡ್ತು ಅನ್ನು! ಎಂಥಾ ಮಾತಾಡೀಯೆ?" ಎಂದರು ಚಾಮುಂಡಮ್ಮ. "ಅವ ಹೇಳಿದ್ದು ನನ್ ಮಂಡಿ ಉಳೀಲಿ ಅಂತ. ನಾನು ಹೇಳಿದ್ದು ಅವರ ಮನೆ ಉಳೀಲಿ ಅಂತ. ಯಾರೂ ಕೇಡು ಬಯಸಿಲ್ಲ ಕಣಮ್ಮಿ."

"ಬಾಯಿ ಮುಚ್ಚೇ," ನಂಜುಂಡಸ್ವಾಮಿ ತಟ್ಟೆ ಸರಿಸಿದರು. ಅವರು ಹೆಂಡತಿಯನ್ನು ಹಾಗೆ ಗದರಿದ್ದು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲ. ಮಗನ ಕಡೆ ತಿರುಗಿದರು. "ಮೂವತ್ನಾಕ್ ವರ್ಸ ಊರೋರ ಕಾಗದ ಹೊತ್ತಿವ್ನಿ ಕಣ್ಲಾ. ಸುಳ್ಳು ಯಾಕೆ, ಕಾರ್ಡ್ ಬರೆದಿದ್ರೆ ಓದ್ತಿದ್ದೆ. ಯಾರ್ ಮಗಳು ಓಡೋದ್ಲು, ಯಾರಿಗ್ ಕಾಯಿಲೆ, ಎಲ್ಲಾ ನಂಗೊತ್ತಿತ್ತು. ನಿಮ್ಮವ್ವಂಗೂ ಒಂದ್ ದಿನ ಬಾಯಿಬಿಟ್ಟಿಲ್ಲ. ನೀನು ಮುಚ್ಚಿದ ಕವರು ಒಡ್ದು ಓದ್ದೆ, ಓದಿ ಊರಿಗೆ ಹಂಚ್ದೆ."

"ತಪ್ಪಾಯ್ತಪ್ಪ."

"ನಂಗ್ಯಾಕೆ ಹೇಳೀಯೆ?"

ರವಿ ತನ್ನ ಫೋನ್ ತೆಗೆದು ಹೆಂಡತಿಯ ಮುಂದೆ ಹಿಡಿದ. "ತಗೋ. ಪಿನ್ ಹೇಳ್ತೀನಿ. ಇನ್ಮೇಲೆ ನೀನೂ ನಂದು ನೋಡು. ಯಾವಾಗ ಬೇಕಾದ್ರೂ."

"ನಿಮ್ಮ ಫೋನಲ್ಲಿ ನಂಗೆ ಬೇಕಾದ್ದು ಏನೂ ಇಲ್ಲ," ಎಂದು ಅವಳು ಪಾತ್ರೆ ಎತ್ತಿಕೊಂಡು ಎದ್ದಳು.

ಮರುದಿನ ಮಾವ ಸೊಸೆ ಇಬ್ಬರೂ ಮಂಡಕಳ್ಳಿಗೆ ಹೋದರು. ಸಿದ್ದು ಕುರ್ಚಿ ಹಾಕಿ ಮರ್ಯಾದೆ ಮಾಡಿದ. ನಂಜುಂಡಸ್ವಾಮಿ ಡಾಕ್ಟರ ಮಾತು ಎತ್ತಿದರೆ, "ಹೆಣ್ಮಕ್ಳ ವಿಚಾರ ಮಾವ, ನಿಮಗ್ಯಾಕೆ ಅದೆಲ್ಲ? ಈಗ ದೊಡ್ಡ ದೊಡ್ಡ ಆಸ್ಪತ್ರೆ ಅವೆ, ಏನೂ ಆಗಲ್ಲ" ಎಂದು ನಕ್ಕ. ಚೈತನ್ಯ ಅಡುಗೆಮನೆಯಲ್ಲಿ ಅಕ್ಕನ ಕೈ ಹಿಡಿದು ನಡೆದದ್ದನ್ನೆಲ್ಲ ಹೇಳಿದಳು. ಕಪಿಲಾ ಕಾಫಿ ಸೋಸುತ್ತಲೇ ಕೇಳಿದಳು.

"ನೀನು ಹೇಳ್ಲಿಲ್ಲ ಅಂತ ನಂಬ್ತೀನಿ ಕಣೇ," ಎಂದಳು ಕೊನೆಗೆ. "ಆದ್ರೆ ನಿನಗೆ ಹೇಳಿದ್ರಿಂದ ತಾನೇ ಆಗಿದ್ದು." ಬಾಗಿಲಲ್ಲಿ ಅವಳ ಅತ್ತೆ ಬಂದು ನಿಂತರು. ಕಪಿಲಾ ಲೋಟ ತಂಗಿಯ ಕೈಗಿಟ್ಟು, "ಸಕ್ಕರೆ ಸಾಕಾ?" ಎಂದು ಕೇಳಿದಳು.

ಆಷಾಢ ಮುಗಿದ ಮೇಲೆ ಕಪಿಲಾಗೆ ಫೋನ್ ವಾಪಸು ಸಿಕ್ಕಿತು. ಮಾರನೆಯ ಬೆಳಿಗ್ಗೆ ಆರು ಗಂಟೆಗೆ ಚೈತನ್ಯಳ ಫೋನ್ ಬಡಿಯಿತು. ಒದ್ದೆ ಕೈಯಲ್ಲೇ ಓಡಿ ಹೋಗಿ ನೋಡಿದಳು. ಕೆಂಪು ಗುಲಾಬಿಯ ಚಿತ್ರ, ಕೆಳಗೆ "ಶುಭೋದಯ" ಎಂದು ಬರೆದಿತ್ತು. ಅವಳು ಧ್ವನಿ ಕಳಿಸಿದಳು: "ಅಕ್ಕ, ಟ್ಯಾಬ್ ತೆಗೆಸಿಬಿಟ್ಟೆ. ಪಿನ್ ಬದಲಾಯಿಸಿದ್ದೀನಿ. ಈಗ ಯಾರೂ ಕೇಳಲ್ಲ. ಏನಾದ್ರೂ ಹೇಳೇ." ಮರುದಿನ ಹಳದಿ ಗುಲಾಬಿ ಬಂತು. ಅದರ ಮರುದಿನ ದೀಪದ ಚಿತ್ರ, "ಈ ದಿನ ಶುಭವಾಗಲಿ." ಹೀಗೆ ಶ್ರಾವಣ ಕಳೆಯಿತು, ಗೌರಿ ಹಬ್ಬ ಕಳೆಯಿತು. ಬಾಗಿನ ಕೊಡಲು ಚೈತನ್ಯ ಹೋದಾಗಲೂ ಮಕ್ಕಳ ಶಾಲೆ, ಟೊಮೇಟೊ ರೇಟು, ಬಿಸಿಲು, ಅಷ್ಟೇ ಮಾತು.

ಸಿದ್ಧಾರ್ಥನಗರದ ಮನೆಯಲ್ಲೂ ಮಾತು ಅಳತೆಗೆ ಬಂದಿತ್ತು. ರವಿ ಈಗ ಎಲ್ಲವನ್ನೂ ಕೇಳಿ ಕೇಳಿ ಮಾಡುತ್ತಿದ್ದ. "ಏನು ತರ್ಲಿ?" "ಏನಾದ್ರೂ ತನ್ನಿ." "ಕೋಪ ಇದ್ಯಾ?" "ಇಲ್ಲ." ಅವನು ನಿಜವಾಗಿ ನೊಂದಿದ್ದ, ಅದು ಅವಳಿಗೆ ಕಾಣುತ್ತಿತ್ತು. ಒಂದೆರಡು ಸಲ ಪಾಪ ಎಂದೂ ಅನ್ನಿಸಿತು. ಆದರೆ ಅದನ್ನು ಹೇಳಿಕೊಳ್ಳಲು ಅವಳಿಗೆ ಇದ್ದವಳು ಅಕ್ಕ ಒಬ್ಬಳೇ.

ದಸರಾ ರಜೆಯಲ್ಲಿ ಚಾಮುಂಡಮ್ಮ ತವರಿಗೆ ಹೋಗಿ ಎರಡು ದಿನ ಇದ್ದು ಬಂದರು. ಆಟೋ ಇಳಿದು, ಕುಂಟುತ್ತ ಅಡುಗೆಮನೆಗೇ ಬಂದು, ಡಬ್ಬಿ ತುಂಬ ಒಬ್ಬಟ್ಟು ಇಟ್ಟರು. ಚೈತನ್ಯ ಚಪಾತಿ ಲಟ್ಟಿಸುತ್ತಿದ್ದಳು. ರವಿ ಮಗಳಿಗೆ ಮಗ್ಗಿ ಹೇಳಿಕೊಡುತ್ತ ಬಾಗಿಲ ಪಕ್ಕ ಕೂತಿದ್ದ.

"ಸಿಹಿ ತಿನ್ನಿ ಎಲ್ರೂವೆ. ಕಪಿಲಂಗೆ ಎರಡು ತುಂಬಿ ಮೂರನೇ ತಿಂಗ್ಳು ಕಣಮ್ಮಿ." ಚಾಮುಂಡಮ್ಮನ ಮುಖದಲ್ಲಿ ಸಂತೋಷವೂ ಇತ್ತು, ಸೊಸೆಯನ್ನು ನೋಡುವಾಗ ಒಂದು ಅಳುಕೂ ಇತ್ತು. "ನಿಂಗೆ ಹೇಳಿರ್ಬೇಕಲ್ಲ ಅವ್ಳು?"

ಚೈತನ್ಯಳ ಲಟ್ಟಣಿಗೆ ಒಂದು ಗಳಿಗೆ ನಿಂತಿತು. ಅವತ್ತು ಬೆಳಿಗ್ಗೆ ಬಂದಿದ್ದು ನವಿಲಿನ ಚಿತ್ರ.

"ಹೇಳಿದ್ಲು ಅತ್ತೆ," ಎಂದಳು. "ಗೊತ್ತಾದ ದಿನಾನೇ ಹೇಳಿದ್ಲು."

ರವಿ ತಲೆ ಎತ್ತಿದ. ಹೆಂಡತಿಯ ಬೆನ್ನನ್ನೇ ನೋಡಿದ. ಅದು ನಿಜವೋ ಸುಳ್ಳೋ ತಿಳಿಯಲು ಅವನಿಗೆ ಈಗ ಯಾವ ದಾರಿಯೂ ಇರಲಿಲ್ಲ.

"ಡಾಕ್ಟ್ರು ಏನಂದ್ರಂತೆ?" ಎಂದು ಮೆಲ್ಲಗೆ ಕೇಳಿದ. "ಅಪಾಯ ಏನೂ ಇಲ್ವಂತಾ?"

ಚೈತನ್ಯ ಚಪಾತಿಯನ್ನು ಕಾವಲಿಗೆ ಹಾಕಿದಳು. ತಿರುಗಿ ನೋಡದೆ ಅದನ್ನು ಮಗುಚಿದಳು.

"ಅದನ್ನ ಅಕ್ಕ ನನಗೆ ಮಾತ್ರ ಹೇಳಿದ್ದಾಳೆ," ಎಂದಳು.